ಕೊಂಡ ಬೆಲೆ ಇಲ್ಲದ ಲೆಕ್ಕ: ಚಿತ್ರಕಾರರೊಬ್ಬರ ವ್ಯವಹಾರ ಯೋಜನೆಯನ್ನು ಎಂಟನೇ ತರಗತಿಯಲ್ಲಿ ಬರೆದ ಅನುಭವ

(ಗಣಿತ ಬೋಧನಾ ವಿಭಾಗ, ಬಿ.ಎಸ್ಸಿ., ಬಿ.ಇಡಿ. ಪ್ರಶಿಕ್ಷಣಾರ್ಥಿ)

ಪೀಠಿಕೆ

ಶಾಲಾ ಪ್ರಶಿಕ್ಷಣಕ್ಕಾಗಿ ನನಗೆ ಚನ್ನಗಿರಿ ತಾಲ್ಲೂಕು ಉಬ್ರಾಣಿ ಹೋಬಳಿಯ ಒಂದು ಪ್ರೌಢಶಾಲೆ ಹಂಚಿಕೆಯಾಗಿತ್ತು. ಎಂಟನೇ ತರಗತಿಯ ಗಣಿತದಲ್ಲಿ ‘ಪರಿಮಾಣಗಳ ಹೋಲಿಕೆ’ ಘಟಕವನ್ನು ಬೋಧಿಸಲು ಮಾರ್ಗದರ್ಶಿ ಶಿಕ್ಷಕರು ಸೂಚಿಸಿದರು. ಮೊದಲ ಪಾಠ ಸುಸೂತ್ರವಾಗಿಯೇ ನಡೆಯಿತು. ಒಬ್ಬ ವ್ಯಾಪಾರಿ ಒಂದು ಫ್ಯಾನನ್ನು 1,200 ರೂ.ಗೆ ಕೊಂಡು 1,500 ರೂ.ಗೆ ಮಾರಿದರೆ ಶೇಕಡಾ ಲಾಭ ಎಷ್ಟು ಎಂದು ಕೇಳಿದೆ. ಅರ್ಧ ತರಗತಿ ‘ಇಪ್ಪತ್ತೈದು’ ಎಂದು ಒಟ್ಟಿಗೇ ಕೂಗಿತು. ಪಾಠಯೋಜನೆಯ ಪುಸ್ತಕದಲ್ಲಿ ‘ಉದ್ದೇಶ ಸಾಧಿತವಾಗಿದೆ’ ಎಂದು ಬರೆಯಲು ಪೆನ್ನು ತೆಗೆಯುವ ಹೊತ್ತಿಗೆ ಎರಡನೇ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು.

“ಮಿಸ್, ನಮ್ಮಪ್ಪ ಏನನ್ನೂ ಕೊಂಡ್ಕೊಂಡು ಮಾರಲ್ಲ. ಗೋಡೆ ಮೇಲೆ ಚಿತ್ರ ಬರೀತಾರೆ, ಬೋರ್ಡ್ ಬರೀತಾರೆ. ಅವರದ್ದು ಕೊಂಡ ಬೆಲೆ ಯಾವುದು?”

ನಾನು ಯೋಚಿಸದೆ “ಬಣ್ಣಕ್ಕೆ ಕೊಟ್ಟ ದುಡ್ಡು” ಎಂದೆ. ಅವಳು ಕುಳಿತಳು. ಆ ಉತ್ತರ ತಪ್ಪು ಎಂದು ತಿಳಿಯಲು ನನಗೆ ಐದು ಅವಧಿಗಳು ಬೇಕಾದವು. ಆ ಐದು ಅವಧಿಗಳಲ್ಲಿ ಏನು ನಡೆಯಿತು, ಎಲ್ಲಿ ಎಡವಿದೆ ಎಂಬುದನ್ನು ಸಹ ಪ್ರಶಿಕ್ಷಣಾರ್ಥಿಗಳ ಮುಂದಿಡುವುದು ಈ ಬರಹದ ಉದ್ದೇಶ.

ಈ ವಿಷಯವನ್ನೇ ಏಕೆ ಆರಿಸಿಕೊಂಡೆ?

ಕಲಿಕೆಯನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸಬೇಕು ಎಂಬುದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಮಾರ್ಗದರ್ಶಿ ತತ್ತ್ವಗಳಲ್ಲಿ ಒಂದು. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಯ ಮಕ್ಕಳಿಗೆ ಹತ್ತು ದಿನಗಳ ‘ಬ್ಯಾಗ್ ರಹಿತ’ ಅವಧಿಯನ್ನು ಸೂಚಿಸಿದೆ. ಆ ದಿನಗಳಲ್ಲಿ ಬಡಗಿ, ತೋಟಗಾರ, ಕುಂಬಾರ, ಕಲಾವಿದ ಮೊದಲಾದ ಸ್ಥಳೀಯ ಕಸುಬುದಾರರ ಬಳಿ ಮಕ್ಕಳು ಕಲಿಯಬೇಕೆಂದು ಅದು ಹೇಳುತ್ತದೆ. ಇವನ್ನು ನಾವು ಪರೀಕ್ಷೆಗೆ ಬರೆದಿದ್ದೇವೆ. ತರಗತಿಯಲ್ಲಿ ಮಾಡಿ ನೋಡುವ ಅವಕಾಶ ಆ ಹುಡುಗಿಯ ಪ್ರಶ್ನೆಯಿಂದ ಒದಗಿತು.

‘ವ್ಯವಹಾರ ಯೋಜನೆ’ ಎಂದರೆ ಒಬ್ಬರು ಏನು ಮಾಡುತ್ತಾರೆ, ಯಾರಿಗೆ ಮಾರುತ್ತಾರೆ, ಎಷ್ಟು ಖರ್ಚು, ಎಷ್ಟು ಬೆಲೆ, ಹಣ ಯಾವಾಗ ಬರುತ್ತದೆ ಎಂಬುದನ್ನು ಮೊದಲೇ ಯೋಚಿಸಿ ಬರೆದಿಡುವ ಪತ್ರ. ಅಂಗಡಿ ಇಡುವವರು, ಬ್ಯಾಂಕಿಗೆ ಹೋಗುವವರು ಇದನ್ನು ಬರೆಯುತ್ತಾರೆ. ಒಬ್ಬರೇ ದುಡಿಯುವ ಕಲಾವಿದರು ಬರೆಯುವುದು ಕಡಿಮೆ. ಅವರಿಗೆ ಎಲ್ಲಕ್ಕಿಂತ ಕಷ್ಟವಾಗುವುದು ಬೆಲೆ ಕಟ್ಟುವುದು. ಬೆಲೆ ಕಟ್ಟುವ ಲೆಕ್ಕದಲ್ಲಿ ಎಂಟನೇ ತರಗತಿಗಿಂತ ಹೆಚ್ಚಿನ ಗಣಿತವಿಲ್ಲ.

ಕಲಿಕಾ ಫಲಗಳು

ಘಟಕದ ಕೊನೆಗೆ ವಿದ್ಯಾರ್ಥಿಯು:
1. ಕೊಂಡು ಮಾರುವ ವಸ್ತುವಿಗೂ ಮಾಡಿ ಮಾರುವ ವಸ್ತುವಿಗೂ ಅಸಲು ಹುಡುಕುವ ಬಗೆ ಬೇರೆ ಎಂದು ಗುರುತಿಸುವನು/ಳು.
2. ಸಾಮಾನು, ಸಮಯ, ವಾರ್ಷಿಕ ಖರ್ಚು ಮೂರನ್ನೂ ಸೇರಿಸಿ ಒಂದು ಕೆಲಸದ ಬೆಲೆ ಲೆಕ್ಕ ಹಾಕುವನು/ಳು.
3. ಅನುಪಾತ, ಶೇಕಡಾ, ಸರಳ ಬಡ್ಡಿಗಳನ್ನು ನಿಜ ಸಂದರ್ಭದಲ್ಲಿ ಬಳಸುವನು/ಳು.
4. ಒಂದು ಪುಟದ ವ್ಯವಹಾರ ಯೋಜನೆಯನ್ನು ಗುಂಪಿನಲ್ಲಿ ಬರೆಯುವನು/ಳು.

ಪೂರ್ವಸಿದ್ಧತೆ

ಮೊದಲು ನಾನು ಸಿದ್ಧ ನಮೂನೆಯೊಂದನ್ನು ಕನ್ನಡಕ್ಕೆ ಇಳಿಸಿಕೊಂಡು ಚಾರ್ಟ್ ಮಾಡಿದ್ದೆ. ‘ಧ್ಯೇಯವಾಕ್ಯ’, ‘ಮಾರುಕಟ್ಟೆ ವಿಶ್ಲೇಷಣೆ’, ‘ಸ್ಪರ್ಧಾತ್ಮಕ ಅನುಕೂಲ’ ಎಂದೆಲ್ಲ ಒಂಬತ್ತು ಶೀರ್ಷಿಕೆಗಳಿದ್ದವು. ಮಾರ್ಗದರ್ಶಿ ಶಿಕ್ಷಕರು ಚಾರ್ಟನ್ನು ನೋಡಿ, “ಇದನ್ನ ಗೋಡೆಗೆ ಹಾಕಿದ್ರೆ ಮಕ್ಕಳು ಬರ್ಕೊಳ್ತಾರೆ, ಅಷ್ಟೇ ಮೇಡಂ. ಅವರಿಗೆ ಗೊತ್ತಿರೋ ಒಂದು ವ್ಯವಹಾರದಿಂದ ಶುರು ಮಾಡಿ” ಎಂದರು. ಚಾರ್ಟನ್ನು ಸುತ್ತಿಟ್ಟೆ.

ಆ ಹುಡುಗಿಯ ತಂದೆಯನ್ನು ಕಂಡೆ. ಊರಿನಲ್ಲಿ ಎಲ್ಲರೂ ಅವರನ್ನು ‘ಪೇಂಟರ್’ ಎಂದೇ ಕರೆಯುತ್ತಾರೆ. ನಾನು ಪೇಂಟರ್ ಅಣ್ಣ ಎಂದೆ. ಅಂಗಡಿ ಬೋರ್ಡ್, ಶಾಲೆ ಮತ್ತು ಅಂಗನವಾಡಿಯ ಗೋಡೆಚಿತ್ರ, ಗುಡಿಯ ಬಣ್ಣ, ಗಣೇಶನ ಹಬ್ಬದ ಮುಂಚೆ ಮೂರ್ತಿಗಳಿಗೆ ಬಣ್ಣ ಇವು ಅವರ ಕೆಲಸ. ಫ್ಲೆಕ್ಸ್ ಬಂದ ಮೇಲೆ ಬೋರ್ಡ್ ಬರೆಸುವವರು ಕಡಿಮೆಯಾಗಿದ್ದಾರೆ. ತರಗತಿಗೆ ಬರಲು ಒಪ್ಪಿದರು. ಅವರ ಮಗಳು ಅದೇ ತರಗತಿಯಲ್ಲಿದ್ದಾಳೆ ಎಂಬುದು ನನಗೆ ಗೊತ್ತಿತ್ತು. ಅದರಿಂದ ಏನಾಗಬಹುದೆಂದು ಯೋಚಿಸಿರಲಿಲ್ಲ.

ಇಲ್ಲಿ ಒಂದು ಸೂಚನೆ. ಮುಂದೆ ಬರುವ ಅಂಕಿಗಳು ಅವರ ಮನೆಯವಲ್ಲ. ಕೊನೆಗೆ ತರಗತಿಯಲ್ಲಿ ಬಳಸಿದ, ಲೆಕ್ಕಕ್ಕೆ ದುಂಡಾದ ಬದಲಿ ಅಂಕಿಗಳು. ಏಕೆ ಬದಲಿಸಬೇಕಾಯಿತು ಎಂಬುದನ್ನು ಮೂರನೇ ಅವಧಿಯಲ್ಲಿ ಹೇಳಿದ್ದೇನೆ.

ಪಾಠದ ಬೆಳವಣಿಗೆ

*ಮೊದಲ ಅವಧಿ: ತೊಡಗಿಸಿಕೊಳ್ಳುವಿಕೆ*

ಉಬ್ರಾಣಿ ಸೀಮೆ ಅಡಿಕೆಯ ನಾಡು. “ಚೇಣಿ ಅಂದ್ರೇನು?” ಎಂದು ಕೇಳಿದ್ದೇ ತಡ, ಕೈಗಳು ಎದ್ದವು. ಕೆಲವರು ‘ಖೇಣಿ’ ಎಂದರು. ಕೊಯ್ಲಿಗೆ ಮುಂಚೆಯೇ ತೋಟ ಸುತ್ತಿ, ಗೊನೆ ನೋಡಿ, ಇಷ್ಟು ಕ್ವಿಂಟಾಲ್ ಆದೀತು ಎಂದು ಅಂದಾಜಿಸಿ, ತೋಟದವರೊಂದಿಗೆ ಮಾತು ಮುಗಿಸುವುದು ಎಂದು ಮಕ್ಕಳೇ ವಿವರಿಸಿದರು. ಚೇಣಿ ಹಿಡಿಯುವವರು ಏನೇನು ಲೆಕ್ಕ ಹಾಕುತ್ತಾರೆ ಎಂದಾಗ ಕಪ್ಪುಹಲಗೆ ತುಂಬಿತು. ಕೊಯ್ಲಿನ ಕೂಲಿ, ಸುಲಿಯುವ ಕೂಲಿ, ಬೇಯಿಸಲು ಸೌದೆ, ಒಣಗಿಸುವ ಜಾಗ, ಟ್ರ್ಯಾಕ್ಟರ್ ಬಾಡಿಗೆ, ಮಳೆ ಬಂದರೆ ಹಾಳಾಗುವ ಅಡಿಕೆ, ಚನ್ನಗಿರಿಯಲ್ಲಿ ಆ ವಾರದ ದರ. ಹಿಂದಿನ ಬೆಂಚಿನ ಹುಡುಗ, “ದರ ಬಿದ್ರೆ ಮಿಸ್, ಅದನ್ನೂ ಬರೀರಿ” ಎಂದ.

ನನ್ನ ಚಾರ್ಟಿನ ಒಂಬತ್ತು ಶೀರ್ಷಿಕೆಗಳಲ್ಲಿ ಏಳು ಆ ಹಲಗೆಯ ಮೇಲೆ ಬೇರೆ ಹೆಸರಿನಲ್ಲಿದ್ದವು. ಈ ಮಕ್ಕಳಿಗೆ ವ್ಯವಹಾರ ಯೋಜನೆ ಗೊತ್ತಿದೆ, ಹೆಸರು ಮಾತ್ರ ಗೊತ್ತಿಲ್ಲ ಎಂದು ನನಗೆ ಮನವರಿಕೆಯಾಯಿತು.

*ಎರಡನೇ ಅವಧಿ: ಅನ್ವೇಷಣೆ*

ಪೇಂಟರ್ ಅಣ್ಣ ತಮ್ಮ ಬ್ರಷ್‌ಗಳನ್ನೂ ಒಂದು ಹಳೆಯ ನೋಟ್‌ಬುಕ್ಕನ್ನೂ ತಂದಿದ್ದರು. ಮೊದಲು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ‘ಕ’ ಅಕ್ಷರವನ್ನು ಮೂರು ಶೈಲಿಯಲ್ಲಿ ಬರೆದು ತೋರಿಸಿದರು. ಆಮೇಲೆ ಒಂದು ಶಾಲಾ ಗೋಡೆಯ ಲೆಕ್ಕ ಕೊಟ್ಟೆವು.

ಗೋಡೆಯ ವಿಸ್ತೀರ್ಣ 200 ಚದರ ಅಡಿ. ದರ ಚದರ ಅಡಿಗೆ 40 ರೂ. ಒಟ್ಟು 8,000 ರೂ.
ಪ್ರೈಮರ್, ಬಣ್ಣ, ಬ್ರಷ್, ಪೆಟ್ರೋಲ್ ಸೇರಿ ಸಾಮಾನಿನ ಖರ್ಚು 3,000 ರೂ.

ಮಕ್ಕಳು ಸೂತ್ರ ಹಾಕಿದರು. ಲಾಭ 5,000 ರೂ. ಶೇಕಡಾ ಲಾಭ 166.67. ತರಗತಿಯಲ್ಲಿ ‘ಹೋ’ ಎಂಬ ಉದ್ಗಾರ. ಫ್ಯಾನ್ ಮಾರುವವನಿಗೆ ಬರೀ 25!

ಪೇಂಟರ್ ಅಣ್ಣ ನಕ್ಕರು. “ಅಷ್ಟೊಂದು ಲಾಭ ಇದ್ದಿದ್ರೆ ಸೀಜನ್ನಾಗೆ ನಾನ್ಯಾಕೆ ಚೇಣಿಯೋರ ಮನೇಲಿ ಅಡಿಕೆ ಬೇಯ್ಸಾಕೆ ಹೋಗ್ತಿದ್ದೆ ಮೇಡಂ?”

ಆ ನಗುವಿನಲ್ಲೇ ನನ್ನ ಹಿಂದಿನ ವಾರದ ಉತ್ತರ ಬಿದ್ದುಹೋಯಿತು. “ಹಾಗಾದ್ರೆ ಏನು ಬಿಟ್ಟಿದ್ದೀವಿ?” ಎಂದು ಮಕ್ಕಳನ್ನೇ ಕೇಳಿದೆ. ಮೌನ. ಸ್ವಲ್ಪ ಹೊತ್ತಿನ ನಂತರ ಅವರ ಮಗಳೇ ಹೇಳಿದಳು: “ಅಪ್ಪನ ಕೂಲಿ.”

ಎಷ್ಟು ದಿನದ ಕೂಲಿ? ಗೋಡೆಯ ಮೇಲೆ ಕೆಲಸ 6 ದಿನ. ಅದಕ್ಕೂ ಮುಂಚೆ ಗೋಡೆ ನೋಡಿ, ಅಳೆದು, ಚಿತ್ರ ತೋರಿಸಿ, ಸಾಮಾನು ತಂದದ್ದು ಒಂದು ದಿನ. ಹಣಕ್ಕಾಗಿ ಮತ್ತೆ ಮತ್ತೆ ಅಲೆದದ್ದು ಒಟ್ಟು ಒಂದು ದಿನ. ಹೀಗೆ 8 ದಿನ. ಅವರ ನೋಟ್‌ಬುಕ್ಕಿನಲ್ಲಿ ಬಣ್ಣದ ಡಬ್ಬಿಯ ಬೆಲೆ ರೂಪಾಯಿ ಲೆಕ್ಕದಲ್ಲಿತ್ತು. ಈ ಎರಡು ಓಡಾಟದ ದಿನಗಳು ಎಲ್ಲಿಯೂ ಇರಲಿಲ್ಲ. ದಿನಕ್ಕೆ 600 ರೂ. ಎಂದು ಹಿಡಿದರೆ 4,800 ರೂ. ಆಗ ಅಸಲು 7,800 ರೂ., ಲಾಭ 200 ರೂ., ಶೇಕಡಾ ಲಾಭ 2.56.

166.67ರಿಂದ 2.56ಕ್ಕೆ ಇಳಿದದ್ದನ್ನು ಮಕ್ಕಳು ಎರಡೆರಡು ಬಾರಿ ಪರಿಶೀಲಿಸಿದರು. ಸೂತ್ರ ಎರಡೂ ಸಲ ಒಂದೇ. ಬದಲಾದದ್ದು ‘ಅಸಲು’ ಎಂಬ ಪದದ ಅರ್ಥ. ಪಠ್ಯಪುಸ್ತಕದ ಲೆಕ್ಕಗಳಲ್ಲಿ ಕೊಂಡ ಬೆಲೆ ಕೊಟ್ಟಿರುತ್ತದೆ ಅಥವಾ ನೇರವಾಗಿ ಸಿಗುತ್ತದೆ. ಮಾಡಿ ಮಾರುವವರು ಅದನ್ನು ತಾವೇ ಹುಡುಕಿಕೊಳ್ಳಬೇಕು.

*ಮೂರನೇ ಅವಧಿ: ವಿವರಣೆ*

600 ರೂ. ಎಲ್ಲಿಂದ ಬಂತು? ಅದು ನಾವು ಊಹಿಸಿದ ಕೂಲಿ. ಚಿತ್ರದ ಕೆಲಸವೊಂದರಿಂದಲೇ ಸಂಸಾರ ನಡೆಯಬೇಕಾದರೆ ದಿನಕ್ಕೆ ಎಷ್ಟು ಬರಬೇಕು ಎಂಬುದು ಈ ಅವಧಿಯ ಪ್ರಶ್ನೆ.

ಹಲಗೆಯ ಮೇಲೆ ಹನ್ನೆರಡು ತಿಂಗಳ ಚೌಕ ಹಾಕಿದೆವು. ಮಳೆಗಾಲದಲ್ಲಿ ಹೊರಗೋಡೆಯ ಕೆಲಸವಿಲ್ಲ. ಗಣೇಶನ ಹಬ್ಬದ ಮುಂಚೆ ಮೂರ್ತಿಯ ಬಣ್ಣ. ಅಡಿಕೆ ಮಾರಿ ಜನರ ಕೈಗೆ ಹಣ ಬಂದ ಮೇಲೆ ಮನೆಬಣ್ಣ, ಬೋರ್ಡ್. ಜಾತ್ರೆಯ ತಿಂಗಳುಗಳಲ್ಲಿ ಗುಡಿ ಕೆಲಸ. ಶಾಲೆ ಶುರುವಾಗುವ ಮುಂಚೆ ತರಗತಿ ಗೋಡೆಗಳು. ಎಲ್ಲ ಕೂಡಿದರೆ ಬ್ರಷ್ ಹಿಡಿಯುವ ದಿನಗಳು 150, ಓಡಾಟದ ದಿನಗಳು 50. ಒಬ್ಬ ಹುಡುಗ ತಾನಾಗಿಯೇ, “ಮಿಸ್, 6:2 ಅಂದ್ರೂ 150:50 ಅಂದ್ರೂ ಒಂದೇ” ಎಂದ. ಅನುಪಾತವನ್ನು ನಾನು ಕೇಳಿಯೇ ಇರಲಿಲ್ಲ.

ಮನೆಗೆ ತಿಂಗಳಿಗೆ 15,000 ರೂ. ಎಂದರೆ ವರ್ಷಕ್ಕೆ 1,80,000 ರೂ.
ಏಣಿ, ಬೈಕ್ ರಿಪೇರಿ, ಫೋನ್ ಕರೆನ್ಸಿ, ಬ್ರಷ್ ಸೆಟ್ ಮುಂತಾದ ವಾರ್ಷಿಕ ಖರ್ಚು 24,000 ರೂ.
ಒಟ್ಟು ಬೇಕಾದದ್ದು 2,04,000 ರೂ.
ಬ್ರಷ್ ಹಿಡಿಯುವ 150 ದಿನಗಳಿಂದ ಭಾಗಿಸಿದರೆ ದಿನಕ್ಕೆ 1,360 ರೂ.

ಅಂದರೆ 6 ದಿನದ ಗೋಡೆಗೆ 8,160 ರೂ., ಸಾಮಾನು 3,000 ರೂ., ಒಟ್ಟು 11,160 ರೂ. ಚದರ ಅಡಿಗೆ 55.80 ರೂ. ಈಗ ಸಿಗುತ್ತಿರುವುದು 40.

ಇಲ್ಲಿ ನಾನು ನಿಲ್ಲಿಸಬೇಕಿತ್ತು. ಉತ್ಸಾಹದಲ್ಲಿ ತಿರುಗು ಲೆಕ್ಕವನ್ನೂ ಮಾಡಿಸಿದೆ. 40 ರೂ. ದರದಲ್ಲಿ ಗೋಡೆಯೊಂದಕ್ಕೆ ಸಾಮಾನು ಕಳೆದು ಉಳಿಯುವುದು 5,000 ರೂ.; ವರ್ಷಕ್ಕೆ ಅಂತಹ 25 ಗೋಡೆ ಎಂದರೆ 1,25,000 ರೂ.; ವಾರ್ಷಿಕ ಖರ್ಚು ಕಳೆದು 1,01,000 ರೂ.; ತಿಂಗಳಿಗೆ ಸುಮಾರು 8,417 ರೂ. ಆ ದಿನ ಹಲಗೆಯ ಮೇಲಿದ್ದದ್ದು ಬದಲಿ ಅಂಕಿಯಾಗಿರಲಿಲ್ಲ. ಅದು ಆ ಮನೆಯದೇ ಆದಾಯವಾಗಿತ್ತು. ಯಾರೋ ಹಿಂದಿನಿಂದ, “ಇಷ್ಟೇನಾ? ನಮ್ಮ ತೋಟಕ್ಕೆ ಬರೋರೇ ಜಾಸ್ತಿ ತಗೋತಾರೆ” ಎಂದರು. ಹುಡುಗಿ ತಲೆ ತಗ್ಗಿಸಿದಳು. ಗಂಟೆ ಹೊಡೆಯಿತು. ಮರುದಿನ ಅವಳು ಶಾಲೆಗೆ ಬರಲಿಲ್ಲ.

ಮಾರ್ಗದರ್ಶಿ ಶಿಕ್ಷಕರು ಗದರಲಿಲ್ಲ. “ಲೆಕ್ಕ ಸರಿ ಇದೆ ಮೇಡಂ. ಆದ್ರೆ ಲೆಕ್ಕ ಯಾರ ಮನೇದು ಅನ್ನೋದು ಬೋರ್ಡ್ ಮೇಲೆ ಬೇಕಿತ್ತಾ?” ಎಂದಷ್ಟೇ ಕೇಳಿದರು. ಸಂಜೆ ಅವರ ಮನೆಗೆ ಹೋಗಿ ತಪ್ಪಾಯಿತೆಂದು ಹೇಳಿದೆ. ಪೇಂಟರ್ ಅಣ್ಣ, “ನಂಗೇನೂ ಬ್ಯಾಸರ ಇಲ್ಲ ಬಿಡ್ರಿ ಮೇಡಂ, ಈ ಲೆಕ್ಕ ನಾನೇ ಹಾಕಿರ್ಲಿಲ್ಲ. ಆದ್ರೆ ಮಗೀಗೆ ಹೆಂಗಾಗಬ್ಯಾಡ?” ಎಂದರು. ಅವರ ಹೆಂಡತಿ ಟೀ ಕೊಟ್ಟರು. ಹುಡುಗಿ ಒಳಗಿನಿಂದ ಬರಲಿಲ್ಲ. ಹೊರಡುವಾಗ ಬಾಗಿಲಲ್ಲಿ ನಿಂತು, “ನಾಳೆ ಬರ್ತೀನಿ ಮಿಸ್” ಎಂದಳು.

ಮುಂದಿನ ತರಗತಿಯಲ್ಲಿ ಮಕ್ಕಳ ಮುಂದೆಯೇ ನಾನು ತಪ್ಪು ಮಾಡಿದೆನೆಂದು ಒಪ್ಪಿಕೊಂಡು, ಯಾರದೂ ಅಲ್ಲದ ಒಬ್ಬ ಚಿತ್ರಕಾರನನ್ನು ಕಲ್ಪಿಸಿಕೊಂಡು ಅಂಕಿಗಳನ್ನು ಹೊಸದಾಗಿ ಹಾಕಿದೆವು. ಮೇಲಿನವು ಆ ಅಂಕಿಗಳೇ.

*ನಾಲ್ಕನೇ ಅವಧಿ: ವಿಸ್ತರಣೆ*

55.80 ರೂ. ಯಾರು ಕೊಡುತ್ತಾರೆ? ಫ್ಲೆಕ್ಸ್ ಚದರ ಅಡಿಗೆ 20 ರೂ.ಗೆ ಸಿಗುವುದಾದರೆ? ಇದು ಮಕ್ಕಳು ಎತ್ತಿದ ಆಕ್ಷೇಪ. ಫ್ಲೆಕ್ಸ್ ಬಿಸಿಲಿಗೆ ಎರಡು ವರ್ಷ, ಒಳ್ಳೆಯ ಬಣ್ಣ ಆರು ವರ್ಷ ಬಾಳುತ್ತದೆ ಎಂದು ಹಿಡಿದು ಹೋಲಿಸಲು ಹೇಳಿದೆ. ಫ್ಲೆಕ್ಸ್ ವರ್ಷಕ್ಕೆ 10 ರೂ., ಬಣ್ಣ ವರ್ಷಕ್ಕೆ 9.30 ರೂ. ಘಟಕದ ಹೆಸರೇ ಪರಿಮಾಣಗಳ ಹೋಲಿಕೆ. ಯಾವುದನ್ನು ಯಾವುದರೊಂದಿಗೆ ಹೋಲಿಸಬೇಕು ಎಂಬ ಆಯ್ಕೆ ಎಷ್ಟು ಮುಖ್ಯವೆಂದು ಇಲ್ಲಿ ಮಕ್ಕಳಿಗೆ ತಿಳಿಯಿತು. ಜೊತೆಗೆ ಕಾನೂನಿನ ಎರಡು ಸಂಗತಿಗಳನ್ನು ಹೇಳಿದೆ. ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲಿ ಹೊರಡಿಸಿದ ಪ್ಲಾಸ್ಟಿಕ್ ನಿಷೇಧದ ಆದೇಶದಲ್ಲಿ ಫ್ಲೆಕ್ಸ್ ಕೂಡ ಸೇರಿದೆ. 2024ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ತಿದ್ದುಪಡಿ ಕಾಯ್ದೆಯಂತೆ ಅಂಗಡಿ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕು. ಕನ್ನಡ ಅಕ್ಷರವನ್ನು ಅಂದವಾಗಿ ಬರೆಯಬಲ್ಲವರಿಗೆ ಇವು ಮಾರುಕಟ್ಟೆಯ ಸಂಗತಿಗಳೇ. ಕಾನೂನು ಇದ್ದ ಮಾತ್ರಕ್ಕೆ ಗಿರಾಕಿ ತಾನಾಗಿ ಬರುವುದಿಲ್ಲ ಎಂಬುದನ್ನೂ ಸೇರಿಸಿದೆ.

ನಂತರ ಹೊಸ ವಸ್ತುವೊಂದನ್ನು ಯೋಜಿಸಲು ಗುಂಪುಗಳಿಗೆ ಹೇಳಿದೆ. ಒಂದು ಗುಂಪು ಮನೆ ಬಾಗಿಲಿನ ನಾಮಫಲಕವನ್ನು ಆರಿಸಿಕೊಂಡಿತು. ಸಾಮಾನು 120 ರೂ.; ದಿನಕ್ಕೆ ಎರಡು ಬರೆಯಬಹುದು. ದಿನಕ್ಕೆ 1,360 ರೂ. ಬರಬೇಕಾದರೆ ಒಂದರ ಬೆಲೆಯನ್ನು *x* ಎಂದಿಟ್ಟು, 2(*x* − 120) = 1,360; *x* = 800. ಒಂದು ಚರಾಕ್ಷರದ ಸಮೀಕರಣವನ್ನು ಅವರು ಬೇರೆ ಅಧ್ಯಾಯದಲ್ಲಿ ಕಲಿತಿದ್ದರು. ಇಲ್ಲಿ ಅದು ಕರೆಯದೆ ಬಂತು.

ಮನೆಯಲ್ಲಿ, ಬೀದಿಯಲ್ಲಿ ಕೇಳಿಕೊಂಡು ಬರಲು ಗೃಹಕಾರ್ಯ ಕೊಟ್ಟೆ. 800 ರೂ. ಎಂದಾಗ ಹೆಚ್ಚಿನವರು ತಲೆಯಾಡಿಸಿದರಂತೆ; 500 ಆದರೆ ನೋಡೋಣ ಎಂದವರೇ ಬಹಳ. ಮಕ್ಕಳು ಬೇಸರದಿಂದ ಬಂದರು. ಆಗ ಪೇಂಟರ್ ಅಣ್ಣನ ಮಗಳು, ಅಂಚಿನ ಬಳ್ಳಿಗೆ ತಗಡಿನ ಅಚ್ಚು ಕತ್ತರಿಸಿಟ್ಟುಕೊಂಡರೆ ಹೆಸರನ್ನು ಮಾತ್ರ ಕೈಯಲ್ಲಿ ಬರೆಯಬಹುದು, ದಿನಕ್ಕೆ ನಾಲ್ಕು ಆಗುತ್ತವೆ ಎಂದಳು. 4 × (500 − 120) = 1,520. ಇದು 1,360ಕ್ಕಿಂತ ಹೆಚ್ಚು. ಬೆಲೆ ಏರಿಸಲು ಆಗದಿದ್ದರೆ ಸಮಯ ಇಳಿಸಬಹುದು ಎಂಬ ಮಾತನ್ನು ನಾನು ಹೇಳಿಕೊಡಲಿಲ್ಲ. ಅವಳೇ ಕಂಡುಕೊಂಡಳು.

ತಾಂಡಾದಿಂದ ಬರುವ ಹುಡುಗಿಯೊಬ್ಬಳು ತನ್ನ ಅಜ್ಜಿ ಕನ್ನಡಿ ಕೂರಿಸಿ ಹೊಲಿದ ಕಸೂತಿ ಬಟ್ಟೆಯನ್ನು ತಂದಿದ್ದಳು. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ ಸೇವಾಲಾಲರ ಜಾತ್ರೆಗೆ ಹೋಗುವಾಗ ಉಡುವ ಬಟ್ಟೆ. “ಎಷ್ಟು ದಿನ ಆಯ್ತಂತೆ?” ಎಂದರೆ ಅಜ್ಜಿಗೆ ಲೆಕ್ಕವಿಲ್ಲ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ಚನ್ನಪಟ್ಟಣದ ಗೊಂಬೆ, ಬೀದರಿನ ಬಿದ್ರಿ ಕಲೆ, ಕಿನ್ನಾಳದ ಗೊಂಬೆಗಳಿಗೂ ಇದೆ ಎಂದು ತಿಳಿಸಿದೆ. ಆ ಮಾನ್ಯತೆ ಹೆಸರನ್ನು ಕಾಯುತ್ತದೆ. ಅಜ್ಜಿಯ ದಿನಗಳನ್ನು ಎಣಿಸುವ ಕೆಲಸ ಮೊಮ್ಮಗಳಿಗೇ ಉಳಿಯಿತು.

*ಐದನೇ ಅವಧಿ: ಯೋಜನೆ ಬರೆಯುವುದು*

ಕೊನೆಯ ಅವಧಿಯಲ್ಲಿ ಆರು ಪ್ರಶ್ನೆಗಳಿಗೆ ಉತ್ತರವಾಗಿ ಒಂದು ಪುಟ ಬರೆಸಿದೆ:
1. ಏನು ಮಾಡುತ್ತೇನೆ?
2. ಯಾರು ಕೊಳ್ಳುತ್ತಾರೆ? ಅವರ ಕೈಗೆ ಹಣ ಯಾವ ತಿಂಗಳಲ್ಲಿ ಬರುತ್ತದೆ?
3. ಒಂದಕ್ಕೆ ಸಾಮಾನು ಎಷ್ಟು, ದಿನ ಎಷ್ಟು?
4. ವರ್ಷದಲ್ಲಿ ಕೆಲಸದ ದಿನ ಎಷ್ಟು, ಓಡಾಟದ ದಿನ ಎಷ್ಟು?
5. ಮನೆಗೆ ಎಷ್ಟು ಬೇಕು? ಹಾಗಾದರೆ ಬೆಲೆ ಎಷ್ಟು?
6. ಹಣ ತಡವಾದರೆ, ಕೆಲಸ ಸಿಗದಿದ್ದರೆ ಏನು ಮಾಡುತ್ತೇನೆ?

ಆರನೆಯದಕ್ಕೆ ಮಕ್ಕಳು ಕೊಟ್ಟ ಉತ್ತರ ‘ಅಡ್ವಾನ್ಸ್’. ಕನಿಷ್ಠ ಸಾಮಾನಿನ ಹಣ ಮೊದಲೇ ಬರಬೇಕು. 11,160ರಲ್ಲಿ 3,000 ಎಂದರೆ ಸುಮಾರು ಶೇ. 27, ಹೇಳಲು ಸುಲಭವಾಗಲೆಂದು ಶೇ. 30 ಎಂದು ನಿಶ್ಚಯಿಸಿದರು.

ಸಾಲದ ಪ್ರಶ್ನೆಯೂ ಬಂತು. ಬಣ್ಣ ಸಿಂಪಡಿಸುವ ಯಂತ್ರಕ್ಕೆ 30,000 ರೂ. ಸಾಲ, ಶೇ. 12ರ ಸರಳ ಬಡ್ಡಿ, ಒಂದು ವರ್ಷ. ಬಡ್ಡಿ 3,600 ರೂ. ಅದನ್ನು ವಾರ್ಷಿಕ ಖರ್ಚಿಗೆ ಸೇರಿಸಿದರೆ ದಿನಕ್ಕೆ 1,384 ರೂ. ಬೇಕು. “ಬರೀ 24 ರೂಪಾಯಿ ಜಾಸ್ತಿ!” ಎಂದರು. “ಅಸಲು ಯಾರು ಕಟ್ತಾರೆ?” ಎಂದು ಒಬ್ಬಳು ಕೇಳಿದಳು. 30,000ವನ್ನು 150ರಿಂದ ಭಾಗಿಸಿ ಇನ್ನೂ 200 ರೂ. ಸೇರಿಸಿದಾಗ 1,584 ಆಯಿತು. ಯಂತ್ರದಿಂದ 6 ದಿನದ ಗೋಡೆ 5 ದಿನಕ್ಕೆ ಮುಗಿದರೆ 7,920 + 3,000 = 10,920 ರೂ.; ಚದರ ಅಡಿಗೆ 54.60. ಸಾಲ ಕಟ್ಟಿಯೂ ದರ ಇಳಿಯಿತು. ಆದರೆ 150 ದಿನ ತುಂಬಲು ಈಗ 25 ಗೋಡೆಗಳ ಬದಲು 30 ಗೋಡೆಗಳು ಸಿಗಬೇಕು. ಸಿಗುತ್ತವೆಯೇ? ಉತ್ತರ ಎರಡನೇ ಪ್ರಶ್ನೆಯಲ್ಲಿದೆ ಎಂದು ಹೇಳಿ ಬಿಟ್ಟೆ.

ಸಾಲ ಎಲ್ಲಿ ಸಿಗುತ್ತದೆ ಎಂಬುದಕ್ಕೆ ಮೂರು ಮಾಹಿತಿ ಕೊಟ್ಟೆ. 2015ರಲ್ಲಿ ಶುರುವಾದ ಮುದ್ರಾ ಯೋಜನೆಯ ‘ಶಿಶು’ ವಿಭಾಗದಲ್ಲಿ 50,000 ರೂ.ವರೆಗೆ ಅಡಮಾನವಿಲ್ಲದೆ ಸಾಲವಿದೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಮೊದಲ ಕಂತು 1 ಲಕ್ಷ ರೂ.ವರೆಗೆ ಶೇ. 5ರ ಬಡ್ಡಿಗೆ ಸಿಗುತ್ತದೆ. ಆದರೆ ಅದರ 18 ಕಸುಬುಗಳ ಪಟ್ಟಿಯಲ್ಲಿ ಶಿಲ್ಪಿ, ಕುಂಬಾರ, ಗೊಂಬೆ ಮಾಡುವವರು, ದರ್ಜಿ ಇದ್ದಾರೆ. ಬೋರ್ಡ್ ಬರೆಯುವವರು, ಗೋಡೆಚಿತ್ರದವರು ಇಲ್ಲ. ಇದನ್ನು ತಿಳಿಯದೆ ಅರ್ಜಿ ಹಾಕಿ ಅಲೆದರೆ ಆ ದಿನಗಳೂ ಓಡಾಟದ ಲೆಕ್ಕಕ್ಕೇ ಸೇರುತ್ತವೆ. ಸ್ವಂತ ಉದ್ಯೋಗದ ತರಬೇತಿಗೆ 1982ರಲ್ಲಿ ಉಜಿರೆಯಲ್ಲಿ ಹುಟ್ಟಿದ ರುಡ್‌ಸೆಟ್ ಮಾದರಿಯ ಸಂಸ್ಥೆಗಳಿವೆ. ಅಲ್ಲಿ ಯೋಜನಾ ವರದಿ ಬರೆಯುವುದನ್ನೂ ಕಲಿಸುತ್ತಾರೆ.

ಮೌಲ್ಯಮಾಪನ

ಹೊಸ ಸಂದರ್ಭದ ಒಂದು ಲೆಕ್ಕ ಕೊಟ್ಟೆ: ಮಣ್ಣಿನ ಗಣೇಶ ಮಾಡುವವರು ಬೆಲೆ ಕಟ್ಟುವುದು ಹೇಗೆ? ಕಂಡುಬಂದ ಸಾಮಾನ್ಯ ತಪ್ಪುಗಳು ನಾಲ್ಕು.

ಮೊದಲನೆಯದು, ವಾರ್ಷಿಕ ಮೊತ್ತವನ್ನು 365ರಿಂದ ಭಾಗಿಸುವುದು. ಮೂರ್ತಿ ಮಾಡುವುದು ವರ್ಷದ ಕೆಲವೇ ತಿಂಗಳು ಎಂಬುದನ್ನು ಮರೆತಾಗ ಹೀಗಾಗುತ್ತದೆ. ಎರಡನೆಯದು, ಒಡೆದುಹೋಗುವ, ಮಾರಾಟವಾಗದೆ ಉಳಿಯುವ ಮೂರ್ತಿಗಳನ್ನು ಬಿಡುವುದು. ಮೂರನೆಯದು, ಶೇಕಡಾ ಲಾಭವನ್ನು ಮಾರಿದ ಬೆಲೆಯ ಮೇಲೆ ಹಾಕುವುದು. ನಾಲ್ಕನೆಯದು, ಮನೆಯವರು ಸೇರಿ ದುಡಿದ ದಿನಗಳನ್ನು ಎಣಿಸದಿರುವುದು. ನಾಲ್ಕನೆಯದೇ ಹೆಚ್ಚು ಕಂಡಿತು. ಅಮ್ಮ ಮಣ್ಣು ಹದ ಮಾಡುತ್ತಾಳೆ ಎಂದು ಬರೆದವರೂ ಅದರ ಮುಂದೆ ಸೊನ್ನೆ ಹಾಕಿದ್ದರು.

ಪಾಠ ವೀಕ್ಷಿಸಿದ ವಾಣಿಜ್ಯ ವಿಭಾಗದ ಸಹಪಾಠಿಯೊಬ್ಬರು ಒಂದು ಆಕ್ಷೇಪ ಎತ್ತಿದರು. ಒಬ್ಬರೇ ಮಾಲೀಕರಾಗಿರುವ ವ್ಯವಹಾರದ ಲೆಕ್ಕಪತ್ರದಲ್ಲಿ ಮಾಲೀಕ ಮನೆ ಖರ್ಚಿಗೆ ತೆಗೆದುಕೊಂಡ ಹಣವನ್ನು ವೆಚ್ಚವಾಗಿ ಬರೆಯುವುದಿಲ್ಲ; ಆದ್ದರಿಂದ ‘ಲಾಭ 5,000’ ಎಂಬುದು ಲೆಕ್ಕಪತ್ರದ ದೃಷ್ಟಿಯಲ್ಲಿ ತಪ್ಪಲ್ಲ ಎಂದರು. ಈ ಮಾತು ಸರಿ. ಲೆಕ್ಕಪತ್ರ ಆದದ್ದನ್ನು ದಾಖಲಿಸುತ್ತದೆ, ಬೆಲೆ ಕಟ್ಟುವುದು ಮುಂದಿನ ನಿರ್ಧಾರ. ಆ 8 ದಿನ ಬೇರೆ ಕಡೆ ದುಡಿದಿದ್ದರೆ ಸಿಗುತ್ತಿದ್ದ ಹಣವನ್ನು ಬಿಟ್ಟುಕೊಟ್ಟಿದ್ದೇವೆ ಎಂಬುದನ್ನು ನಿರ್ಧಾರದ ವೇಳೆ ಎಣಿಸಲೇಬೇಕು. ಈ ವ್ಯತ್ಯಾಸವನ್ನು ಮಕ್ಕಳಿಗೆ ಹೇಳಲು ನನಗೆ ಸಮಯ ಸಾಲಲಿಲ್ಲ. ಹತ್ತನೇ ತರಗತಿಯ ಸಮಾಜ ವಿಜ್ಞಾನದಲ್ಲಿ ಉದ್ಯಮಗಾರಿಕೆಯ ಪಾಠ ಬರುವಾಗ ಗಣಿತ ಶಿಕ್ಷಕರೊಂದಿಗೆ ಸೇರಿ ಇದನ್ನು ಮಾಡಿಸಬಹುದು.

ಸಹ ಪ್ರಶಿಕ್ಷಣಾರ್ಥಿಗಳಿಗೆ ಸೂಚನೆಗಳು

ಸ್ಥಳೀಯ ಕಸುಬುದಾರರನ್ನು ತರಗತಿಗೆ ಕರೆಯಿರಿ, ಆದರೆ ಅವರ ಮನೆಯ ಅಂಕಿಗಳನ್ನು ಕರೆಯಬೇಡಿ. ಅವರೊಂದಿಗೆ ಕುಳಿತು ಬದಲಿ ಅಂಕಿಗಳನ್ನು ಮೊದಲೇ ಸಿದ್ಧಪಡಿಸಿಕೊಳ್ಳಿ. ಅವರ ಮಗುವೂ ತರಗತಿಯಲ್ಲಿದ್ದರೆ ಆ ಮಗುವಿನೊಂದಿಗೆ ಮುಂಚೆಯೇ ಮಾತನಾಡಿ. ದೊಡ್ಡವರ ಒಪ್ಪಿಗೆ ಮಗುವಿನ ಒಪ್ಪಿಗೆಯೂ ಆಗಿರುತ್ತದೆ ಎಂದು ನಾನು ತಿಳಿದದ್ದು ತಪ್ಪು.

ನಮೂನೆಯಿಂದ ಶುರು ಮಾಡಬೇಡಿ. ನನಗೆ ಚೇಣಿ ಸಿಕ್ಕಿತು. ಜಗಳೂರಿನ ಕಡೆ ಪ್ರಶಿಕ್ಷಣಕ್ಕೆ ಹೋದವರಿಗೆ ಮೆಕ್ಕೆಜೋಳ, ಶೇಂಗಾ ಸಿಗಬಹುದು. ಹೊನ್ನಾಳಿಯ ಕಡೆ ಭತ್ತ ಇದೆ. ಅಂದಾಜು ಕಟ್ಟದೆ ಯಾವ ಬೆಳೆಯೂ ನಡೆಯುವುದಿಲ್ಲ. ಮಕ್ಕಳು ಅದನ್ನು ಮನೆಯಲ್ಲಿ ಕೇಳಿಯೇ ಬೆಳೆದಿರುತ್ತಾರೆ.

ಐದು ಅವಧಿ ಹೆಚ್ಚಾಯಿತು ಎಂಬ ಟೀಕೆ ನನ್ನ ಮೇಲಿದೆ. ನಾಲ್ಕು ಮತ್ತು ಐದನ್ನು ಒಂದಾಗಿಸಿ, ಸಾಲದ ಭಾಗವನ್ನು ಬಡ್ಡಿಯ ಪಾಠಕ್ಕೆ ಸೇರಿಸಿದರೆ ನಾಲ್ಕರಲ್ಲಿ ಮುಗಿಸಬಹುದು. ಎರಡನೇ ಅವಧಿಯನ್ನು ಮಾತ್ರ ಕಡಿಮೆ ಮಾಡಬಾರದು. 166.67 ಬಂದಾಗ ಮಕ್ಕಳು ಖುಷಿಪಡಲು ಸಮಯ ಕೊಡಬೇಕು; ಆಮೇಲೆ ಬರುವ 2.56 ಆಗಲೇ ಮನಸ್ಸಿನಲ್ಲಿ ನಿಲ್ಲುವುದು.

ಮುಕ್ತಾಯ

ಪ್ರಶಿಕ್ಷಣದ ಕೊನೆಯ ವಾರ ಪೇಂಟರ್ ಅಣ್ಣ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ಒಂದು ಗೋಡೆಗೆ ಮೊದಲಿಗಿಂತ ಹೆಚ್ಚು ದರ ಕೇಳಿದರಂತೆ. ಕೇಳಿದಷ್ಟು ಸಿಗಲಿಲ್ಲ, ನಡುವೆ ಎಲ್ಲೋ ಒಪ್ಪಂದವಾಯಿತು. ಇನ್ನೊಂದು ಕೆಲಸ ದರ ಕೇಳಿಯೇ ಕೈತಪ್ಪಿತು. ಬಸ್ಸಿನಲ್ಲಿ ಕುಳಿತು ನಮ್ಮ ಬದಲಿ ಅಂಕಿಗಳಲ್ಲಿ ಲೆಕ್ಕ ಹಾಕಿದೆ. ಚದರ ಅಡಿಗೆ 40ರ ಬದಲು 46 ಸಿಕ್ಕರೂ, ಅಷ್ಟೇ ಕೆಲಸ ಸಿಗುವುದಾದರೆ, ತಿಂಗಳಿಗೆ 2,500 ರೂ. ಹೆಚ್ಚು. ವರ್ಷಕ್ಕೆ 25 ಗೋಡೆಗಳಲ್ಲಿ ಎಷ್ಟು ಕೈತಪ್ಪಿದರೆ ಆ ಹೆಚ್ಚಳ ಕರಗುತ್ತದೆ ಎಂಬುದನ್ನು ಓದುಗರೇ ಮಾಡಿ ನೋಡಬಹುದು. ತರಗತಿಗೆ ಒಳ್ಳೆಯ ಲೆಕ್ಕವಾದೀತು.

ಅವರ ನೋಟ್‌ಬುಕ್ಕಿನಲ್ಲಿ ಈಗ ಹೊಸ ಕಾಲಂ ಒಂದಿದೆ. ಮಗಳು ಸ್ಕೇಲ್ ಇಟ್ಟು ಗೆರೆ ಎಳೆದು ಮೇಲೆ ‘ದಿನ’ ಎಂದು ಬರೆದುಕೊಟ್ಟಿದ್ದಾಳಂತೆ. ಅವಳ ಮೊದಲ ಪ್ರಶ್ನೆಗೆ ನಾನು ಅಂದು ಕೊಡಬೇಕಿದ್ದ ಉತ್ತರ ಆ ಕಾಲಂನಲ್ಲಿದೆ.